ಇಲ್ಲದ ಟೆರಿಯರ್‌ಗೊಂದು ತಳಿ ಪರಿಚಯ: ನಗು ಬರುವಂತೆ ಬರೆಯುವುದು ಹೇಗೆ?

ನಾಯಿ ತಳಿಗಳ ಪರಿಚಯವನ್ನು ಮರಿ ತರುವ ಮೊದಲು ಎಲ್ಲರೂ ಓದುತ್ತಾರೆ. ತಂದ ಮೇಲೆ ಇನ್ನೊಮ್ಮೆ ಓದಿ, ‘ಇದನ್ನೆಲ್ಲ ಯಾಕಪ್ಪಾ ಬರೆದಿಲ್ಲ?’ ಎಂದು ಕೇಳುತ್ತಾರೆ. ಆ ಬರಹಗಳ ಭಾಷೆ ವಧೂವರರ ಜಾಹೀರಾತಿನ ಹಾಗೆ. ‘ಚುರುಕು ಸ್ವಭಾವ. ಆತ್ಮವಿಶ್ವಾಸ ಜಾಸ್ತಿ. ಮನೆಯವರೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.’ ಒಂದು ಮಾತೂ ಸುಳ್ಳಲ್ಲ. ಆದರೆ ನಿಮ್ಮ ಎಡಗಾಲಿನ ಚಪ್ಪಲಿಯ ಭವಿಷ್ಯ ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಈ ಗಂಭೀರ ಮುಖದ ಭಾಷೆ ಹಾಸ್ಯಕ್ಕೆ ಹೇಳಿ ಮಾಡಿಸಿದಂತಿದೆ. ಇಲ್ಲದ ನಾಯಿಯೊಂದನ್ನು ಹುಟ್ಟಿಸಿ, ಅದೇ ಭಾಷೆಯಲ್ಲಿ ಅದಕ್ಕೆ ಪರಿಚಯ ಬರೆಯಬಹುದು. ನಾಯಿ ಸಾಕುವವರ ವಾಟ್ಸಾಪ್ ಗುಂಪಿಗೆ, ಕಾಲೇಜಿನ ಭಿತ್ತಿಪತ್ರಿಕೆಗೆ, ಬಡಾವಣೆಯ ಸಂಚಿಕೆಗೆ ಇಂಥ ಬರಹ ಚೆನ್ನಾಗಿ ಒಪ್ಪುತ್ತದೆ. ಬರೆಯುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ. ಜೊತೆಗೆ ಒಂದು ಮಾದರಿ ನಾಯಿಯನ್ನೂ ಕಟ್ಟುತ್ತಾ ಹೋಗೋಣ.

ಶುರು ಮಾಡುವ ಮೊದಲು ಒಂದು ನಿಯಮ. ಸುಳ್ಳು ಒಂದೇ ಇರಲಿ, ಅದರ ಸುತ್ತ ಇರುವುದೆಲ್ಲ ನಿಜವಾಗಿರಲಿ. ನಾಯಿಗೆ ರೆಕ್ಕೆ ಬಂತು, ಮಾತು ಬಂತು, ಲೆಕ್ಕ ಬಂತು ಅಂತ ಬರೆದರೆ ಎರಡನೇ ಸಾಲಿಗೇ ಓದುವವರಿಗೆ ಸಾಕಾಗಿಬಿಡುತ್ತದೆ. ಒಂದೇ ಒಂದು ಅಸಂಬದ್ಧ ಮಾತನ್ನು ನಂಬಿಸಿ, ಉಳಿದದ್ದನ್ನು ಪಶುವೈದ್ಯರೂ ಒಪ್ಪುವ ಹಾಗೆ ಬರೆದರೆ ನಗು ಕೊನೆಯವರೆಗೂ ಉಳಿಯುತ್ತದೆ.

ಹಂತ 1: ನಿಜವಾದ ಟೆರಿಯರ್‌ಗಳ ಕತೆ ಓದಿ

ಇಷ್ಟೊಂದು ನಾಯಿಗಳಿರುವಾಗ ಟೆರಿಯರೇ ಯಾಕೆ? ಇವುಗಳ ನಿಜವಾದ ಇತಿಹಾಸವೇ ಅರ್ಧ ತಮಾಷೆ, ಅದಕ್ಕೆ.

ಟೆರಿಯರ್ ಅಂದರೆ ಬಿಲಕ್ಕೆ ನುಗ್ಗುವ ನಾಯಿ. ಹೆಚ್ಚಿನ ತಳಿಗಳು ಬ್ರಿಟನ್‌ನವು. ನರಿ, ಬ್ಯಾಜರ್ (ಬಿಲ ತೋಡಿ ಬದುಕುವ ಕಾಡುಪ್ರಾಣಿ), ನೀರುನಾಯಿ, ಇಲಿ, ಇವುಗಳ ಬೆನ್ನು ಹತ್ತುವುದಕ್ಕೆಂದೇ ರೈತರು, ಬೇಟೆಗಾರರು, ಗಣಿ ಕೆಲಸಗಾರರು ಊರೂರಲ್ಲಿ ತಮಗೆ ಬೇಕಾದ ಹಾಗೆ ಬೆಳೆಸಿಕೊಂಡವು. ಆಮೇಲೆ 1873ರಲ್ಲಿ ಇಂಗ್ಲೆಂಡಿನಲ್ಲಿ ನಾಯಿ ತಳಿಗಳ ಲೆಕ್ಕ ಇಡುವ ಸಂಘ, ಕೆನಲ್ ಕ್ಲಬ್ ಹುಟ್ಟಿತು. ಊರ ನಾಯಿಗಳಿಗೆ ಹೆಸರು, ವಂಶಾವಳಿ, ಅಳತೆ ಎಲ್ಲ ಬಂತು. ಜಗಳವೂ ಬಂತು.

ಡ್ಯಾಂಡಿ ಡಿನ್‌ಮಾಂಟ್ ಟೆರಿಯರ್ ಅನ್ನೇ ನೋಡಿ. ವಾಲ್ಟರ್ ಸ್ಕಾಟ್ 1815ರಲ್ಲಿ ಬರೆದ ಕಾದಂಬರಿಯಲ್ಲಿ ಆ ಹೆಸರಿನ ಒಬ್ಬ ರೈತ ಬರುತ್ತಾನೆ. ಅವನ ನಾಯಿಗಳಿಗೆಲ್ಲ ಎರಡೇ ಹೆಸರು: ಮೆಣಸು, ಸಾಸಿವೆ. ದೊಡ್ಡ ಮೆಣಸು, ಸಣ್ಣ ಮೆಣಸು, ದೊಡ್ಡ ಸಾಸಿವೆ, ಸಣ್ಣ ಸಾಸಿವೆ, ಹೀಗೆ. ಕಾದಂಬರಿ ಜನಪ್ರಿಯವಾಯಿತು, ನಿಜವಾದ ನಾಯಿಗಳಿಗೆ ಇಲ್ಲದ ರೈತನ ಹೆಸರು ಅಂಟಿಕೊಂಡಿತು. ಇವತ್ತಿಗೂ ಈ ತಳಿಗೆ ಅಧಿಕೃತವಾಗಿ ಇರುವುದು ಎರಡೇ ಬಣ್ಣ, ಮೆಣಸು ಮತ್ತು ಸಾಸಿವೆ. ಕಟ್ಟುಕತೆಯಿಂದ ತಳಿಗೆ ಹೆಸರು ಬಂದಾಗಿದೆ ಅಂದಮೇಲೆ ನೀವು ಹೆದರುವುದು ಏನೂ ಇಲ್ಲ.

ನಾರ್ವಿಚ್ ಟೆರಿಯರ್ ಕತೆ ಇನ್ನೂ ಚೆನ್ನಾಗಿದೆ. ಒಂದೇ ತಳಿ. ಕೆಲವಕ್ಕೆ ಕಿವಿ ನೆಟ್ಟಗೆ, ಕೆಲವಕ್ಕೆ ಮಡಚಿಕೊಂಡಿರುತ್ತಿತ್ತು. ಯಾವುದು ಸರಿ ಎಂಬ ವಾದ ದಶಕಗಳವರೆಗೆ ನಡೆಯಿತು. ಕೊನೆಗೆ 1964ರಲ್ಲಿ ಕೆನಲ್ ಕ್ಲಬ್ ಮನೆ ಪಾಲು ಮಾಡಿಕೊಟ್ಟಿತು. ನೆಟ್ಟಗಿನ ಕಿವಿಯದು ನಾರ್ವಿಚ್, ಮಡಚಿದ ಕಿವಿಯದು ನಾರ್ಫೋಕ್. ನಮ್ಮಲ್ಲಿ ಅಣ್ಣತಮ್ಮಂದಿರು ಗೋಡೆ ಎಬ್ಬಿಸುವುದಕ್ಕೆ ಇದಕ್ಕಿಂತ ಸ್ವಲ್ಪ ದೊಡ್ಡ ಕಾರಣ ಬೇಕಾಗುತ್ತದೆ.

ರೇಷ್ಮೆಯಂಥ ಕೂದಲಿನ ಯಾರ್ಕ್‌ಶೈರ್ ಟೆರಿಯರ್ ಈಗ ಮಡಿಲ ನಾಯಿ. ಅದರ ಹಿರಿಯರು ಬಟ್ಟೆ ಗಿರಣಿಗಳ ಊರಿನಲ್ಲಿ ಇಲಿ ಹಿಡಿಯುತ್ತಿದ್ದರು. ಸ್ಕಾಟ್ಲೆಂಡಿನಿಂದ ಕೆಲಸ ಹುಡುಕಿ ಬಂದ ನೇಕಾರರು ಜೊತೆಗೆ ತಂದ ನಾಯಿಗಳಿಂದ ಈ ತಳಿ ಬಂತು. ಇದರ ಕೂದಲನ್ನು ಮಗ್ಗದಲ್ಲೇ ನೇಯ್ದಿರಬೇಕು ಎಂದು ಆಗಿನ ಜನ ಚುಡಾಯಿಸುತ್ತಿದ್ದರಂತೆ. ಇನ್ನು ಬಿಳಿ ಬಣ್ಣದ ವೆಸ್ಟ್ ಹೈಲ್ಯಾಂಡ್. ಸ್ಕಾಟ್ಲೆಂಡಿನ ಪೊಲ್ಟಲ್ಲಾಕ್‌ನ ಜಮೀನುದಾರ ಮಾಲ್ಕಮ್ ಎಂಬುವವರು ಬೇಟೆಯಲ್ಲಿ ತಮ್ಮದೇ ಕೆಂಚು ನಾಯಿಯನ್ನು ನರಿ ಎಂದುಕೊಂಡು ಗುಂಡು ಹಾರಿಸಿದರು, ಅಂದಿನಿಂದ ಬಿಳಿ ನಾಯಿಗಳನ್ನೇ ಬೆಳೆಸಿದರು ಎಂದು ಕತೆ ಹೇಳುತ್ತಾರೆ. ಟಿಬೆಟನ್ ಟೆರಿಯರ್ ಅಂತೂ ಟೆರಿಯರೇ ಅಲ್ಲ. ಗಾತ್ರ ನೋಡಿ ಯುರೋಪಿನವರು ಹಾಗೆ ಕರೆದುಬಿಟ್ಟರು, ಹೆಸರು ಹಾಗೇ ಉಳಿಯಿತು.

ಇವನ್ನೆಲ್ಲ ಓದುವಾಗ ಒಂದು ವಿಷಯ ಗಮನಿಸಿ. ಬರೆದವರು ಎಲ್ಲೂ ನಕ್ಕಿಲ್ಲ. ಕಿವಿಗಾಗಿ ತಳಿ ಇಬ್ಭಾಗವಾದದ್ದನ್ನು ಭೂದಾಖಲೆಯ ದನಿಯಲ್ಲೇ ಹೇಳಿ ಮುಗಿಸಿದ್ದಾರೆ. ನಿಮಗೆ ಬೇಕಾದ ದನಿ ಅದೇ.

ಹಂತ 2: ನಾಯಿಗೊಂದು ಕೆಲಸ ಕೊಡಿ

ಬಣ್ಣ, ಕೂದಲು, ಕಿವಿ ಎಲ್ಲ ಆಮೇಲೆ. ಮೊದಲು ಕೆಲಸ. ಟೆರಿಯರ್‌ನ ಮೈಯಲ್ಲಿ ಇರುವುದೆಲ್ಲ ಅದರ ಕೆಲಸದಿಂದ ಬಂದದ್ದು. ನಿಮ್ಮ ಒಂದೇ ಒಂದು ಸುಳ್ಳನ್ನು ಇಲ್ಲೇ ಇಡಬೇಕು.

ಕೆಲಸ ಹೇಗಿರುತ್ತಿತ್ತು ಎಂದು ಸ್ವಲ್ಪ ತಿಳಿದುಕೊಳ್ಳಿ. ನರಿ ಬೇಟೆಯಲ್ಲಿ ದೊಡ್ಡ ನಾಯಿಗಳ ಹಿಂಡು ನರಿಯನ್ನು ಅಟ್ಟಿಕೊಂಡು ಹೋಗುತ್ತದೆ. ನರಿ ಬಿಲ ಸೇರಿಕೊಳ್ಳುತ್ತದೆ. ಆಗ ಕುದುರೆಯ ಮೇಲಿದ್ದವರೆಲ್ಲ ನಿಂತು, ಪುಟ್ಟ ಟೆರಿಯರ್ ಒಂದನ್ನು ಬಿಲದೊಳಗೆ ಬಿಡುತ್ತಾರೆ. ಅದು ಒಳಗೆ ಹೋಗಿ, ನರಿಯ ಮುಖಕ್ಕೆ ಮುಖ ಕೊಟ್ಟು, ತಲೆ ಚಿಟ್ಟು ಹಿಡಿಯುವ ಹಾಗೆ ಬೊಗಳುತ್ತದೆ. ನರಿ ಬೇಸತ್ತು ಹೊರಗೆ ಬರಬೇಕು. ಡೆವನ್‌ನ ಪಾದ್ರಿ ಜಾನ್ ರಸೆಲ್ ಅವರ ಹೆಸರಲ್ಲೇ ಜಾಕ್ ರಸೆಲ್ ಟೆರಿಯರ್ ಇದೆ. ಅವರಿಗೆ ನರಿಯನ್ನು ಕೊಲ್ಲುವ ಟೆರಿಯರ್ ಬೇಕಿರಲಿಲ್ಲ, ಹೊರಗೆ ಹಾಕಿದರೆ ಸಾಕಿತ್ತು. ನರಿ ಒಳಗೇ ಸತ್ತರೆ ಆ ದಿನದ ಓಟವೇ ಮುಗಿದ ಹಾಗಲ್ವಾ?

ಅಂದರೆ ಟೆರಿಯರ್‌ನ ಕಸುಬು ಇಷ್ಟು: ಒಂದು ಜಾಗದಲ್ಲಿ ಹಾಯಾಗಿ ಕೂತವರನ್ನು, ಕಚ್ಚದೆ, ಬೇಸರ ಹಿಡಿಸಿ ಎಬ್ಬಿಸಿ ಕಳಿಸುವುದು.

ಈಗ ‘ನರಿ’ ತೆಗೆದು ‘ನೆಂಟರು’ ಹಾಕಿ. ‘ಬಿಲ’ ತೆಗೆದು ‘ಸೋಫಾ’ ಹಾಕಿ. ನಮ್ಮ ಮಾದರಿ ನಾಯಿ ಸಿಕ್ಕಿತು. ಹೊರಡದ ಅತಿಥಿಗಳನ್ನು ಹೊರಡಿಸಲು ಬೆಳೆಸಿದ ಟೆರಿಯರ್.

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಸುಳ್ಳು ಕೆಲಸ ಮತ್ತು ನಿಜವಾದ ಕೆಲಸ ಎರಡಕ್ಕೂ ಹೋಲಿಕೆ ಇದ್ದರೆ ಮುಂದಿನ ಬರಹ ತಾನಾಗಿ ಬರುತ್ತದೆ. ಸುಮ್ನೆ ‘ಮೊಬೈಲ್ ಚಾರ್ಜ್ ಮಾಡುವ ಟೆರಿಯರ್’ ಅಂದರೆ ಒಂದು ಸಾಲಿನ ನಗು ಸಿಗಬಹುದು, ಎರಡನೇ ಸಾಲಿಗೆ ಬರೆಯಲು ಏನೂ ಇರುವುದಿಲ್ಲ. ಬಿಲ, ಬೊಗಳು, ಹಟ, ಕುಳ್ಳ ಕಾಲು, ಇವಕ್ಕೆಲ್ಲ ಕೆಲಸ ಇರಬೇಕು.

ಹಂತ 3: ಊರು ಮತ್ತು ಹೆಸರು

ಟೆರಿಯರ್‌ಗಳ ಹೆಸರಿಗೆ ಕೆಲವೇ ದಾರಿಗಳಿವೆ. ಊರಿನ ಹೆಸರು (ಬೆಡ್ಲಿಂಗ್‌ಟನ್), ಕಣಿವೆಯ ಹೆಸರು (ಯಾರ್ಕ್‌ಶೈರ್‌ನ ಏರ್ ನದಿಯ ಕಣಿವೆಯಿಂದ ಏರ್‌ಡೇಲ್), ದೊಡ್ಡ ಮನೆಯ ಹೆಸರು (ವೇಲ್ಸ್‌ನ ಸೀಲಿಯಮ್), ಮನುಷ್ಯರ ಹೆಸರು, ಬಣ್ಣ, ಇಲ್ಲವೇ ಹಿಡಿಯುವ ಪ್ರಾಣಿ. ಇವುಗಳಲ್ಲಿ ಒಂದನ್ನು ಹಿಡಿಯಿರಿ. ತಮಾಷೆಯ ಹೆಸರು ಇಡಲು ಹೋಗಬೇಡಿ. ಹೆಸರೇ ನಗಿಸಿದರೆ ಬರಹಕ್ಕೆ ನಗಿಸಲು ಏನೂ ಉಳಿಯುವುದಿಲ್ಲ.

ನಮ್ಮ ನಾಯಿಗೆ ಮಳೆ ಬೇಕು. ಮಳೆ ನಿಲ್ಲಲಿ ಎಂದು ಕಾಯುತ್ತಾ ಕೂತ ಅತಿಥಿ ಬೇಕು. ಇಂಗ್ಲೆಂಡಿನ ವಾಯವ್ಯದ ಲೇಕ್ ಡಿಸ್ಟ್ರಿಕ್ಟ್ ಇದಕ್ಕೆ ಸರಿಯಾದ ಜಾಗ. ಲೇಕ್‌ಲ್ಯಾಂಡ್ ಟೆರಿಯರ್ ಅಲ್ಲಿಯದೇ. ಅಲ್ಲಿನ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಆಗುಂಬೆಯವರು ಇದನ್ನು ಕೇಳಿ ನಗಬಹುದು. ಆದರೆ ನಮ್ಮ ಮಲೆನಾಡಿನ ಮಳೆ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ. ಅಲ್ಲಿನ ಮಳೆಗೆ ವರ್ಷವಿಡೀ ಡ್ಯೂಟಿ. ಹಾಗಾಗಿ ಅಲ್ಲೊಂದು ಕಣಿವೆಯನ್ನು ಹುಟ್ಟಿಸಿ, ತುಂತುರು ಮಳೆಯ ನೆನಪು ಬರುವಂತೆ ಡ್ರಿಜಲ್‌ಡೇಲ್ ಎಂದು ಕರೆಯೋಣ. ನಾಯಿ ಡ್ರಿಜಲ್‌ಡೇಲ್ ಟೆರಿಯರ್.

ನಮ್ಮೂರಿನ ನಾಯಿಯನ್ನೇ ಮಾಡಬಾರದಾ ಎಂದು ಕೇಳಬಹುದು. ಮಾಡಬಹುದು. ಆದರೆ ಮುಧೋಳವನ್ನು ಟೆರಿಯರ್ ಮಾಡಲು ಹೋಗಬೇಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಆ ನಾಯಿ ಬಯಲಿನಲ್ಲಿ ಬೇಟೆಯ ಮೇಲೆ ಕಣ್ಣಿಟ್ಟು ಓಡುವ ಜಾತಿ. ಉದ್ದ ಕಾಲು, ಸಪೂರ ಮೈ, ಮಾತು ಕಡಿಮೆ. ಟೆರಿಯರ್ ಅದಕ್ಕೆ ಎಲ್ಲದರಲ್ಲೂ ವಿರುದ್ಧ. ನಮ್ಮಲ್ಲಿ ಟೆರಿಯರ್‌ಗೆ ತಕ್ಕ ಕೆಲಸ ಬೇಕಿದ್ದರೆ ನಗರದ ಚರಂಡಿಯ ಹೆಗ್ಗಣ ಇದೆ. ಅದನ್ನು ಯಾರಾದರೂ ಬರೆಯಲಿ.

ಹಂತ 4: ಇತಿಹಾಸ

ತಳಿ ಪರಿಚಯದ ಇತಿಹಾಸದಲ್ಲಿ ಮೂರು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಮೂಲ ಬಹಳ ಹಳೆಯದು. ಮೂಲದ ಬಗ್ಗೆ ಖಚಿತ ದಾಖಲೆ ಇಲ್ಲ. ಒಬ್ಬ ವ್ಯಕ್ತಿಗೆ ಎಲ್ಲಿಂದಲೋ ಒಂದು ನಾಯಿ ಸಿಕ್ಕಿತು.

ರಸೆಲ್ ಪಾದ್ರಿಗಳದ್ದು ಇಂಥದ್ದೇ ಕತೆ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ ಎನ್ನುತ್ತಾರೆ, ದಾರಿಯಲ್ಲಿ ಹಾಲು ಮಾರುವವನ ಜೊತೆ ಒಂದು ಹೆಣ್ಣು ಟೆರಿಯರ್ ಕಂಡರು. ಮನಸ್ಸು ಹೋಯಿತು. ಅಲ್ಲೇ ಕೊಂಡುಕೊಂಡರು. ಅದರ ಹೆಸರು ಟ್ರಂಪ್. (ನಾನು ಇಟ್ಟದ್ದಲ್ಲ.) ಮುಂದೆ ಅವರ ನಾಯಿಗಳೆಲ್ಲ ಅದರಿಂದಲೇ ಬಂದವು. ಕೆನಲ್ ಕ್ಲಬ್ಬಿನ ಮೊದಲ ಸದಸ್ಯರಲ್ಲಿ ರಸೆಲ್ ಕೂಡ ಒಬ್ಬರು. ಆದರೆ ಅವರ ಹೆಸರಿನ ಪುಟ್ಟ ಜಾಕ್ ರಸೆಲ್‌ಗೆ ಆ ಕ್ಲಬ್ ಮಾನ್ಯತೆ ಕೊಟ್ಟದ್ದು 2016ರಲ್ಲಿ. ಸರ್ಕಾರಿ ಕಚೇರಿಯ ಫೈಲ್ ನಿಧಾನ ಎಂದು ಬೇಸರವಾದಾಗ ಇದನ್ನು ನೆನಪಿಸಿಕೊಳ್ಳಬಹುದು.

ಇತಿಹಾಸ ಬರೆಯುವಾಗ ವಾಕ್ಯಗಳನ್ನು ಒಣಗಿಸಿ. ಆಶ್ಚರ್ಯ ಚಿಹ್ನೆ ಬೇಡ. ಮಾದರಿ:

‘ಡ್ರಿಜಲ್‌ಡೇಲ್ ಟೆರಿಯರ್‌ನ ಮೂಲ ಸ್ಪಷ್ಟವಿಲ್ಲ. ಲೇಕ್‌ಲ್ಯಾಂಡ್ ಮತ್ತು ಬಾರ್ಡರ್ ಟೆರಿಯರ್‌ಗಳ ರಕ್ತ ಇದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮೂರನೆಯದು ಯಾವುದು ಎಂಬ ಚರ್ಚೆ ತಳಿ ಸಂಘದ ಸಭೆಗಳಲ್ಲಿ ನಿಷಿದ್ಧ. ಕಣಿವೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರ ಮನೆಗೆ ಮಳೆಯಿಂದ ತಪ್ಪಿಸಿಕೊಳ್ಳಲು ಬಂದ ಪರಿಚಯದವರೊಬ್ಬರು ಹನ್ನೊಂದು ದಿನ ಉಳಿದರು. ಹನ್ನೆರಡನೇ ದಿನ ಪೋಸ್ಟ್‌ಮಾಸ್ಟರ್ ಒಂದು ನಾಯಿ ತಂದರು.’

ಇಲ್ಲಿಗೆ ನಿಲ್ಲಿಸಿ. ಪರಿಚಯದವರು ಏನಾದರು ಎಂದು ಬರೆಯಬೇಡಿ. ಸ್ಥಾಪಕರಿಗೆ ಹೆಸರೂ ಬೇಡ. ಹೆಸರಿಟ್ಟರೆ ಆ ಹೆಸರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಇತಿಹಾಸದ ಕೊನೆಗೆ ಒಂದು ನಿಜವಾದ ತಿರುವನ್ನು ಬಳಸಿಕೊಳ್ಳಿ. 2004ರ ಕಾನೂನಿನ ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿ ಹಿಂಡು ಕಟ್ಟಿಕೊಂಡು ನರಿ ಬೇಟೆಯಾಡುವುದು ನಿಷಿದ್ಧ. ನರಿ ಹಿಡಿಯುವ ತಳಿಗಳಿಗೆ ಹಳೆಯ ಕಸುಬು ತಪ್ಪಿತು. ‘ಅತಿಥಿಗಳಿಗೆ ಇಂಥ ಯಾವ ರಕ್ಷಣೆಯನ್ನೂ ಸಂಸತ್ತು ಕೊಟ್ಟಿಲ್ಲದ ಕಾರಣ ಡ್ರಿಜಲ್‌ಡೇಲ್ ಇಂದಿಗೂ ಕೆಲಸದಲ್ಲಿದೆ.’

ಹಂತ 5: ಮೈಕಟ್ಟು

ನನಗೆ ಬರೆಯಲು ತುಂಬ ಇಷ್ಟವಾಗುವ ಭಾಗ ಇದು. ತಳಿಯ ಮಾನದಂಡ ಎಂಬ ಅಧಿಕೃತ ಬರಹದಲ್ಲಿ ತಲೆಯಿಂದ ಬಾಲದವರೆಗೆ ಒಂದೊಂದು ಅಂಗಕ್ಕೂ ಒಂದೊಂದು ತುಂಡು ಇರುತ್ತದೆ. ಒಟ್ಟು ನೋಟ, ಸ್ವಭಾವ, ತಲೆ, ಕಣ್ಣು, ಕಿವಿ, ಬಾಯಿ, ಕುತ್ತಿಗೆ, ಮುಂಗಾಲು, ಮೈ, ಹಿಂಗಾಲು, ಪಾದ, ಬಾಲ, ನಡಿಗೆ, ಕೂದಲು, ಬಣ್ಣ, ಗಾತ್ರ, ದೋಷ. ಈ ಕ್ರಮವನ್ನೇ ಇಟ್ಟುಕೊಳ್ಳಿ. ಎಲ್ಲವನ್ನೂ ಬರೆಯಬೇಕಿಲ್ಲ, ನಿಮ್ಮ ಸುಳ್ಳಿಗೆ ಉಪಯೋಗಕ್ಕೆ ಬರುವುದನ್ನು ಮಾತ್ರ ಆರಿಸಿ.

ನಿಜವಾದ ಮಾನದಂಡಗಳು ಎಷ್ಟು ವಿಚಿತ್ರವಾಗಿವೆ ಎಂದು ಓದಿಯೇ ತಿಳಿಯಬೇಕು. ಬಾರ್ಡರ್ ಟೆರಿಯರ್‌ನ ತಲೆ ನೀರುನಾಯಿಯ ತಲೆಯ ಹಾಗಿರಬೇಕು. ಬೆಡ್ಲಿಂಗ್‌ಟನ್‌ನ ಕಿವಿ ಹೇಜಲ್ ಕಾಯಿಯ ಆಕಾರದಲ್ಲಿರಬೇಕು. ಅಮೆರಿಕದವರ ಪ್ರಕಾರ ವೆಸ್ಟ್ ಹೈಲ್ಯಾಂಡ್‌ನ ಬಾಲಕ್ಕೆ ಕ್ಯಾರೆಟ್ ಆಕಾರ. ತರಕಾರಿ ಅಂಗಡಿಗೆ ಹೋಗಿ ಬಂದ ಮೇಲೆ ಕೂತು ಬರೆದ ಹಾಗಿದೆ. ನಿಮ್ಮ ನಾಯಿಗೂ ಹಣ್ಣು, ಕಾಯಿ ಅಥವಾ ಪ್ರಾಣಿ ಒಂದನ್ನು ಇಡಿ. ಒಂದೇ ಸಾಕು.

ಎದೆಯ ಅಳತೆ ಮರೆಯಬೇಡಿ. ಬಾರ್ಡರ್ ಮತ್ತು ಜಾಕ್ ರಸೆಲ್ ನಾಯಿಗಳ ಎದೆಯನ್ನು ಭುಜದ ಹಿಂದೆ ಎರಡೂ ಕೈಯಿಂದ ಬಳಸಿ ಹಿಡಿದರೆ ಬೆರಳುಗಳು ಕೂಡಬೇಕು. ಪ್ರದರ್ಶನದಲ್ಲಿ ತೀರ್ಪುಗಾರರು ಇಂದಿಗೂ ಹೀಗೆ ಹಿಡಿದು ನೋಡುತ್ತಾರೆ. ಎದೆ ದಪ್ಪವಾದರೆ ನಾಯಿ ಬಿಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ಈ ಪರೀಕ್ಷೆ. ನಮ್ಮ ನಾಯಿಗೂ ಇದೇ ಪರೀಕ್ಷೆ ಇರಲಿ, ಕಾರಣ ಮಾತ್ರ ಬೇರೆ: ‘ಸೋಫಾ ಮತ್ತು ಗೋಡೆಯ ನಡುವಿನ ಜಾಗದಲ್ಲಿ ಸಲೀಸಾಗಿ ಸಾಗಿ, ಅತಿಥಿ ನಿರೀಕ್ಷಿಸದ ಕಡೆಯಿಂದ ಹೊರಬರುವಂತಿರಬೇಕು.’

ಗಾತ್ರದ ಅಂಕಿಗಳು ನಂಬುವಂತಿರಲಿ. ಜಾಕ್ ರಸೆಲ್ 25ರಿಂದ 30 ಸೆಂ.ಮೀ. ಎತ್ತರ. ನಾರ್ಫೋಕ್ ಸುಮಾರು 25. ಏರ್‌ಡೇಲ್‌ಗೆ 60ರ ಹತ್ತಿರ, ಅದು ಟೆರಿಯರ್‌ಗಳ ರಾಜ ಎನಿಸಿಕೊಂಡಿದೆ, ಅದನ್ನು ಬಿಟ್ಟುಬಿಡಿ. ಜಾಕ್ ರಸೆಲ್‌ಗೆ ಎತ್ತರದ ಪ್ರತಿ 5 ಸೆಂ.ಮೀ.ಗೆ 1 ಕೆಜಿ ತೂಕ ಎಂಬ ಸುಲಭ ಲೆಕ್ಕ ಇದೆ. ಅದನ್ನೇ ಹಿಡಿದರೆ 27 ಸೆಂ.ಮೀ. ಎತ್ತರದ ನಮ್ಮ ಡ್ರಿಜಲ್‌ಡೇಲ್ ಸುಮಾರು 5.4 ಕೆಜಿ ತೂಗುತ್ತದೆ. ‘ಅತಿಥಿ ಚಹಾದ ಜೊತೆ ಕೊಟ್ಟ ಬಿಸ್ಕೆಟ್ ಹಂಚಿಕೊಂಡಿದ್ದರೆ 5.6.’

ಕೂದಲಿಗೆ ಬನ್ನಿ. ಇಂಥ ನಾಡಿನ ಟೆರಿಯರ್‌ಗಳಿಗೆ ಎರಡು ಪದರ ಇರುತ್ತದೆ. ಒಳಗೆ ಮೆತ್ತಗಿನ ಸಣ್ಣ ಕೂದಲು, ಹೊರಗೆ ಮಳೆ ಕೆಸರು ತಡೆಯುವ ಒರಟು ಕೂದಲು. ಒರಟು ಕೂದಲಿಗೆ ಕತ್ತರಿ, ಮಷಿನ್ ಹಾಕಿದರೆ ಅದು ಮೆತ್ತಗಾಗಿ ಬಣ್ಣ ಮಂಕಾಗುತ್ತದೆ. ಹಾಗಾಗಿ ಸತ್ತ ಕೂದಲನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ಕಿತ್ತು ತೆಗೆಯುವ ಪದ್ಧತಿ ಇದೆ. ಕಾಲವಾದ ಕೂದಲು ಸುಲಭವಾಗಿ ಬರುತ್ತದೆ, ನಾಯಿಗೆ ನೋವಾಗುವುದಿಲ್ಲ. ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ‘ಈ ಕೆಲಸಕ್ಕೆ ಅತಿಥಿಯನ್ನು ಕೂರಿಸುವುದು ವಾಡಿಕೆ. ಅರ್ಧ ಗಂಟೆಯಲ್ಲಿ ಅವರಿಗೆ ಮನೆ ನೆನಪಾಗುತ್ತದೆ.’

ಬಾಲದ ಬಗ್ಗೆ ಒಂದು ಸಾಲು ಸಾಕು. ನೆಲದಡಿ ಕೆಲಸ ಮಾಡುವ ಟೆರಿಯರ್‌ಗೆ ಗಟ್ಟಿಯಾದ, ಮುಷ್ಟಿಗೆ ಸಿಗುವ ಬಾಲ ಬೇಕಿತ್ತು. ಬಿಲದಿಂದ ಹೊರಗೆ ಎಳೆಯಬೇಕಾದರೆ ಹಿಡಿಯಲು ಸಿಗುತ್ತಿದ್ದದ್ದು ಅದೇ.

ಬಣ್ಣದಲ್ಲಿ ಆಟ ಆಡಲು ಅವಕಾಶ ಇದೆ. ಐರ್ಲೆಂಡಿನ ಕೆರಿ ಬ್ಲೂ ಮರಿಗಳು ಹುಟ್ಟುವಾಗ ಕಪ್ಪು. ವರ್ಷ, ಒಂದೂವರೆ ವರ್ಷ ಕಳೆಯುವಾಗ ನೀಲಿ ಛಾಯೆಯ ಬೂದು ಬಣ್ಣಕ್ಕೆ ತಿರುಗುತ್ತವೆ. ಹೀಗಿರುವಾಗ ‘ಡ್ರಿಜಲ್‌ಡೇಲ್ ಮರಿ ಹುಟ್ಟುವಾಗ ಕಂದು, ದೊಡ್ಡದಾದ ಮೇಲೆ ಮನೆಯ ಸೋಫಾದ ಬಣ್ಣ’ ಎಂದರೆ ಓದುಗರು ಒಂದು ಕ್ಷಣ ನಂಬಿಬಿಡುತ್ತಾರೆ. ಹೌದು, ಇಲ್ಲಿ ನಾನೇ ಎರಡನೇ ಸುಳ್ಳು ಸೇರಿಸಿದೆ. ಅವಿತು ಕೂರುವುದು ಈ ನಾಯಿಯ ಕೆಲಸಕ್ಕೆ ಸೇರಿದ್ದು, ಅದಕ್ಕೆ ಮಾಫಿ.

ಹಂತ 6: ಸ್ವಭಾವ

ತಳಿ ಪರಿಚಯದಲ್ಲಿ ಕೆಟ್ಟ ಗುಣ ಇರುವುದಿಲ್ಲ. ಹೇಳಿದ ಮಾತು ಕೇಳದ ನಾಯಿ ‘ಸ್ವತಂತ್ರವಾಗಿ ಯೋಚಿಸುತ್ತದೆ’. ಇದನ್ನು ಎಲ್ಲರೂ ಗೇಲಿ ಮಾಡಿ ಮುಗಿಸಿದ್ದಾರೆ. ಒಂದು ಕಡೆ ಸಿಹಿ ಮಾತು, ಪಕ್ಕದಲ್ಲಿ ಅದರ ‘ನಿಜವಾದ ಅರ್ಥ’ ಎಂಬ ಪಟ್ಟಿಯನ್ನು ದಯವಿಟ್ಟು ಮಾಡಬೇಡಿ.

ಅದರ ಬದಲು ನಾಯಿ ಏನು ಮಾಡುತ್ತದೆ ಎಂದು ಬರೆಯಿರಿ. ಕ್ರಮವಾಗಿ, ಗಡಿಯಾರ ಹಿಡಿದು. ಮಾದರಿ:

‘ಅತಿಥಿ ಬಂದ ಕೂಡಲೇ ಬಾಲ ಅಲ್ಲಾಡಿಸಿ ಸ್ವಾಗತಿಸುತ್ತದೆ. ಚಹಾ ಮುಗಿಯುವವರೆಗೆ ಕಾಲ ಬಳಿ ಮಲಗಿರುತ್ತದೆ. ಕಪ್ ಕೆಳಗಿಟ್ಟ ಸದ್ದಿಗೆ ಎದ್ದು ಕೂರುತ್ತದೆ. ಮುಂದಿನ ಕಾಲು ಗಂಟೆ ಅತಿಥಿಯ ಮುಖವನ್ನೇ ನೋಡುತ್ತದೆ, ಕಣ್ಣು ಮಿಟುಕಿಸುವುದಿಲ್ಲ. ಅದೂ ಫಲಿಸದಿದ್ದರೆ ಬಾಗಿಲ ಬಳಿ ಹೋಗಿ ಅತಿಥಿಯ ಒಂದು ಶೂ ತಂದು ಮುಂದಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಕೊನೆಯದಾಗಿ ಛತ್ರಿ. ಶುದ್ಧ ತಳಿಯ ನಾಯಿ ಎಂದೂ ಕಚ್ಚುವುದಿಲ್ಲ. ಕಚ್ಚಿದರೆ ಅತಿಥಿ ಆರೈಕೆಗೆಂದು ಉಳಿದುಬಿಡುತ್ತಾರೆ ಎಂಬುದು ಅದಕ್ಕೆ ಗೊತ್ತಿದೆ.’

ಕೊನೆಯ ಎರಡು ವಾಕ್ಯ ರಸೆಲ್ ಪಾದ್ರಿಗಳ ‘ಕೊಲ್ಲಬಾರದು, ಹೊರಗೆ ಹಾಕಬೇಕು’ ಎಂಬ ವಿಚಾರದಿಂದ ಬಂದದ್ದು. ನಿಜ ಸಂಗತಿಯನ್ನು ಮೊದಲೇ ಓದಿಟ್ಟುಕೊಂಡರೆ ಲಾಭ ಇದು. ಜೋಕ್ ಹುಡುಕುತ್ತಾ ಕೂರಬೇಕಿಲ್ಲ.

ನಮ್ಮ ಓದುಗರಿಗಾಗಿ ಒಂದು ಸಾಲು ಸೇರಿಸಬಹುದು. ‘ಬರ್ತೀವಿ’ ಎಂದು ಎದ್ದ ಮೇಲೆ ಬಾಗಿಲಲ್ಲಿ ಹತ್ತು ನಿಮಿಷ, ಗೇಟಿನಲ್ಲಿ ಅರ್ಧ ಗಂಟೆ ಮಾತಾಡುವ ಪದ್ಧತಿ ನಮ್ಮಲ್ಲಿದೆ. ‘ಕರ್ನಾಟಕಕ್ಕೆ ಒಯ್ದ ಡ್ರಿಜಲ್‌ಡೇಲ್‌ಗಳಿಗೆ ಗೇಟಿನವರೆಗೂ ಬೀಳ್ಕೊಡುವ ಹೆಚ್ಚುವರಿ ತರಬೇತಿ ಬೇಕಾಗುತ್ತದೆ. ಕಾರಿನ ಗಾಜು ಇಳಿಸಿ ಮತ್ತೆ ಮಾತು ಶುರುವಾದರೆ ಅವು ಮಾಲೀಕರ ಮುಖ ನೋಡುತ್ತವೆ.’

ಹಂತ 7: ದೋಷಗಳು ಮತ್ತು ಸೂಚನೆ

ಕೆನಲ್ ಕ್ಲಬ್ಬಿನ ಮಾನದಂಡಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಮುಗಿಯುತ್ತವೆ. ಮೇಲೆ ಹೇಳಿದ್ದಕ್ಕಿಂತ ಬೇರೆಯಾಗಿ ಇರುವುದೆಲ್ಲ ದೋಷ, ಅದು ಎಷ್ಟು ಬೇರೆಯಾಗಿದೆಯೋ ಅಷ್ಟು ಗಂಭೀರ. ಅದರ ಕೆಳಗೆ ಒಂದು ಸೂಚನೆ: ಗಂಡು ನಾಯಿಗೆ ಎರಡು ವೃಷಣಗಳು ಸರಿಯಾಗಿ ಇಳಿದಿರಬೇಕು. ಎಷ್ಟೇ ಭವ್ಯವಾಗಿ ಶುರುವಾದ ತಳಿಯ ವರ್ಣನೆಯೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ.

ಈ ಸೂಚನೆಯನ್ನು ಹಾಗೇ ಬಳಸಿದರೆ ಸಾಕು, ಏನೂ ಸೇರಿಸಬೇಡಿ. ನಾಯಿ ಪ್ರದರ್ಶನಕ್ಕೆ ಹೋಗಿ ಬಂದವರು ಮಾತ್ರ ನಗುತ್ತಾರೆ, ಆದರೆ ಜೋರಾಗಿ ನಗುತ್ತಾರೆ.

ದೋಷದ ಕಡೆ ನಿಮ್ಮದೊಂದು ಸಾಲು ಇರಲಿ: ‘ಗಂಭೀರ ದೋಷ: ಅತಿಥಿಗಳನ್ನು ಇಷ್ಟಪಡುವುದು. ಇಂಥ ನಾಯಿಯನ್ನು ಸಂತಾನಕ್ಕೆ ಬಳಸಬಾರದು. ಒಂದು ಪ್ರದರ್ಶನದಲ್ಲಿ ಕಣಕ್ಕಿಳಿದ ಆರೂ ಡ್ರಿಜಲ್‌ಡೇಲ್‌ಗಳು ನಿರ್ದೋಷವಾಗಿದ್ದವು. ತೀರ್ಪುಗಾರರು ತೀರ್ಪು ಕೊಡುವ ಮೊದಲೇ ಮನೆಗೆ ಹೋದರು.’

ಹಂತ 8: ಸಾಕಣೆ

ಇದನ್ನು ಚಿಕ್ಕದಾಗಿ ಮುಗಿಸಿ. ಊಟ, ನಡಿಗೆ, ತರಬೇತಿ ಎಲ್ಲ ಸೇರಿ ನಾಲ್ಕೈದು ವಾಕ್ಯ. ನಿಜವಾದ ಸಲಹೆಯನ್ನೇ ಕೊಡಿ. ಟೆರಿಯರ್ ಅಗೆಯುತ್ತದೆ, ಬೇಲಿಯ ಕೆಳಗೆ ದಾರಿ ಮಾಡಿಕೊಳ್ಳುತ್ತದೆ, ಅಳಿಲು ಕಂಡರೆ ಬೆಲ್ಟ್ ಎಳೆದುಕೊಂಡು ಓಡುತ್ತದೆ, ಕೆಲಸ ಇಲ್ಲದಿದ್ದರೆ ತಾನೇ ಒಂದು ಕೆಲಸ ಹುಡುಕಿಕೊಳ್ಳುತ್ತದೆ. ಇದಕ್ಕೆ ಒಂದೇ ಒಂದು ವಾಕ್ಯ ಜೋಡಿಸಿ: ‘ಅತಿಥಿಗಳೇ ಬರದ ಮನೆಯಲ್ಲಿ ಡ್ರಿಜಲ್‌ಡೇಲ್ ಮನೆಯವರಲ್ಲೇ ಒಬ್ಬರನ್ನು ಆರಿಸಿಕೊಳ್ಳುತ್ತದೆ.’

ಹಂತ 9: ಬಿಡಬೇಕಾದದ್ದು

ಕಾಯಿಲೆಯ ಮೇಲೆ ತಮಾಷೆ ಬೇಡ. ಮೂಗು ಚಪ್ಪಟೆಯಾಗಿ ಉಸಿರಾಟಕ್ಕೆ ಒದ್ದಾಡುವುದು, ಸಣ್ಣ ನಾಯಿಗಳ ಮೊಣಕಾಲ ಚಿಪ್ಪು ಜಾರುವುದು, ಚರ್ಮದ ತುರಿಕೆ, ಇವೆಲ್ಲ ನಿಜವಾಗಿ ನಾಯಿಗಳು ಅನುಭವಿಸುವ ಕಷ್ಟ. ಅಂದಕ್ಕಾಗಿ ತಳಿ ಬೆಳೆಸಿದ್ದರಿಂದ ಹೆಚ್ಚಾದ ಕಷ್ಟಗಳೂ ಇವುಗಳಲ್ಲಿವೆ. ಬಾಲ ಕತ್ತರಿಸಿದ ನಾಯಿಯ ವರ್ಣನೆಯೂ ಬೇಡ. ಇಂಗ್ಲೆಂಡಿನಲ್ಲಿ 2007ರಿಂದ ಅದಕ್ಕೆ ಕಾನೂನಿನ ತಡೆ ಇದೆ, ಕೆಲಸದ ನಾಯಿಗಳಿಗೆ ಮಾತ್ರ ಕೆಲವು ವಿನಾಯಿತಿ. ನಿಮ್ಮ ನಾಯಿಗೆ ಪೂರ್ತಿ ಬಾಲ ಕೊಡಿ, ಹೇಗೂ ಖರ್ಚಿಲ್ಲ.

ಇನ್ನೊಂದು, ಇದು ತಮಾಷೆಯ ಮಾತಲ್ಲ. ಬೆಲೆ ಬರೆಯಬೇಡಿ, ಫೋನ್ ನಂಬರ್ ಹಾಕಬೇಡಿ, ಯಾರದೋ ನಾಯಿಯ ಫೋಟೊ ತೆಗೆದು ಅಂಟಿಸಬೇಡಿ. ಹೊಸ ತಳಿ, ಅಪರೂಪದ ತಳಿ, ಟೀಕಪ್ ಗಾತ್ರದ ತಳಿ ಎಂದು ಹೇಳಿ ಮರಿ ಮಾರುವವರು ನಿಜವಾಗಿಯೂ ಇದ್ದಾರೆ. ನಿಮ್ಮ ಬರಹ ಅವರ ಜಾಹೀರಾತಾಗಬಾರದು. ಚಿತ್ರ ಬೇಕಿದ್ದರೆ ಕೈಯಲ್ಲಿ ಬಿಡಿಸಿ. ಕೆಟ್ಟದಾಗಿ ಬಂದರೆ ಒಳ್ಳೆಯದೇ.

ಹಂತ 10: ಓದಿಸಿ ನೋಡಿ, ಆಮೇಲೆ ಹಂಚಿ

ಇಬ್ಬರಿಗೆ ಓದಿಸಿ. ಒಬ್ಬರು ಟೆರಿಯರ್ ಸಾಕಿದವರು, ಇನ್ನೊಬ್ಬರು ನಾಯಿಯ ಗೊಡವೆಯೇ ಇಲ್ಲದವರು. ಸಾಕಿದವರು ಎಲ್ಲೆಲ್ಲಿ ‘ಇದು ಹೀಗಿರಲ್ಲ’ ಎಂದು ತಡೆಯುತ್ತಾರೋ ಅಲ್ಲೆಲ್ಲ ನಿಮ್ಮ ನಿಜ ತಪ್ಪಿದೆ, ತಿದ್ದಿ. ನಾಯಿ ಗೊತ್ತಿಲ್ಲದವರು ಎಲ್ಲಿ ನಗದೆ ಮುಂದೆ ಹೋಗುತ್ತಾರೋ ಅಲ್ಲಿ ಮಾಹಿತಿ ಜಾಸ್ತಿಯಾಗಿದೆ, ಒಂದೆರಡು ಸಾಲು ತೆಗೆಯಿರಿ.

ಹಂಚುವಾಗ ತಲೆಬರಹದ ಕೆಳಗೇ ‘ಈ ತಳಿ ಕಾಲ್ಪನಿಕ’ ಎಂದು ಹಾಕಿ. ನಗು ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಹಾಗೆ ಬರೆದರೂ ಯಾರಾದರೂ ಒಬ್ಬರು ಮರಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಮಾವನ ಮನೆಯವರು ದಸರಾಕ್ಕೆ ಬರುವ ಮೊದಲೇ ಬೇಕು ಎನ್ನುತ್ತಾರೆ. ಅಂಥವರಿಗೆ ಹತ್ತಿರದ ಪ್ರಾಣಿ ಆಶ್ರಯ ಕೇಂದ್ರದ ವಿಳಾಸ ಕೊಡಿ. ಅಲ್ಲಿ ನೆಂಟರನ್ನು ಕಂಡರೆ ಬೊಗಳುವ ನಾಯಿ ಸಿಗುತ್ತದೆ. ಶೂ ತಂದಿಡುವುದನ್ನು ಅವರೇ ಕಲಿಸಿಕೊಳ್ಳಬೇಕು.